ಪಂಕ್ಚರ್ ತೊಟ್ಟಿಯಲ್ಲಿ ನನ್ನ ರೆಗ್ಯುಲೇಟರ್

ಸೋಮವಾರ ಬೆಳಗ್ಗೆ ಡೈವಿಂಗ್ ಮೇಷ್ಟ್ರು ಕ್ಲಬ್ಬಿನ ಗೋಡೆಗೆ ಒಂದು ಚೀಟಿ ಅಂಟಿಸಿದರು. ಶನಿವಾರ ಏಳು ಗಂಟೆಗೆ ದೋಣಿ ಹೊರಡುತ್ತದೆ, ಸಮುದ್ರದ ತಳದ ಹುಲ್ಲಿನ ಎಣಿಕೆ, ಈ ವರ್ಷದ ಕೊನೆಯ ಮುಳುಗು. ಕೆಳಗೆ ಆರು ಹೆಸರು. ಐದರ ಮುಂದೆ 'ನೀರಿಗೆ' ಎಂದಿತ್ತು. ಆರನೆಯದರ ಮುಂದೆ 'ದೋಣಿಯಲ್ಲಿ' ಎಂದಿತ್ತು. ಆ ಆರನೆಯ ಹೆಸರು ಯಾರದೆಂದು ಬೇರೆ ಹೇಳಬೇಕೆ?

ದೋಣಿಯಲ್ಲಿ ಅಂದರೆ ಪುಸ್ತಕ ಹಿಡಿದು ಕೂರುವುದು. ಯಾರು ಎಷ್ಟು ಹೊತ್ತಿಗೆ ಇಳಿದರು, ಎಷ್ಟಕ್ಕೆ ಏರಿದರು, ಸಿಲಿಂಡರ್‌ನಲ್ಲಿ ಗಾಳಿ ಎಷ್ಟು ಉಳಿದಿದೆ, ಬರೆದುಕೊಳ್ಳುವುದು. ಅಭ್ಯಾಸದ ಮುಳುಗೂ ಸೇರಿ ಈ ವರ್ಷ ನಾನು ಮೂರು ಸಲ ಬರೆದಿದ್ದೆ. ನಮ್ಮ ತಂಡದಲ್ಲಿ ಒಬ್ಬನಿದ್ದಾನೆ, ಈಜುವುದರಲ್ಲಿ ಎಲ್ಲರಿಗಿಂತ ಮುಂದೆ, ಮಾತಿನಲ್ಲಿ ಅದಕ್ಕಿಂತ ಮುಂದೆ. ಅವನಿಗೆ ನಾವಿಟ್ಟ ಹೆಸರು ನೀರುಕೋಳಿ. ನನಗೆ ಅವನಿಟ್ಟ ಹೆಸರು ಗುಮಾಸ್ತೆ.

"ಗುಮಾಸ್ತೆ, ಪೆನ್ನಿಗೆ ರೀಫಿಲ್ ತಗೊಂಡಿದೀಯಾ? ಶನಿವಾರ ಮರೀಬೇಡ" ಎಂದು ಚೀಟಿಯ ಮುಂದೆಯೇ ಹಲ್ಲು ಬಿಟ್ಟ.

ಕೋರ್ಸ್ ಮುಗಿಯುವಷ್ಟರಲ್ಲಿ ನಾಲ್ಕು ಎಣಿಕೆ ಮುಳುಗು ಆಗಿರಬೇಕು. ಆಗ ಮಾತ್ರ ಸರ್ವೇ ಡೈವರ್ ಕಾರ್ಡ್ ಸಿಗುತ್ತದೆ. ನನ್ನದು ಮೂರಾಗಿತ್ತು. ಶನಿವಾರ ತಪ್ಪಿದರೆ ನೀರು ಕಲಕಿಬಿಡುತ್ತದೆ, ಮತ್ತೆ ತಿಳಿಯಾಗುವ ಹೊತ್ತಿಗೆ ಕೋರ್ಸೇ ಮುಗಿದಿರುತ್ತದೆ. ನಾನು ಮೇಷ್ಟ್ರ ಹಿಂದೆ ಬಿದ್ದೆ.

"ಸಾರ್, ಇದೊಂದ್ಸಲ ಸಾರ್."

"ನಾನೇನಮ್ಮಾ ಮಾಡ್ಲಿ? ಇರೋದು ಐದು ರೆಗ್ಯುಲೇಟರ್. ಆರನೇದು ಸತ್ತು ಒಂದು ವರ್ಷ ಆಯ್ತು. ಗಾಳಿ ಇಲ್ದೆ ಇಳೀತೀನಿ ಅಂದ್ರೆ ಇಳಿ, ನಾನು ಬೇಡ ಅನ್ನಲ್ಲ."

"ನಂದೇ ತಂದ್ರೆ?"

"ತಾ. ರಿಪೇರಿಯವರ ಚೀಟಿ ಸಮೇತ ತಾ. ಚೀಟಿ ಇಲ್ದೆ ದೋಣಿ ಹತ್ತಿಸಬೇಡ."

ಅಷ್ಟೇ ಸಾಕಾಯಿತು. ರೆಗ್ಯುಲೇಟರ್ ಅಂದರೆ ಎರಡೇ ಮುಖ್ಯ ಭಾಗ. ಸಿಲಿಂಡರಿಗೆ ಕೂರುವ ಲೋಹದ ತಲೆ, ಹಲ್ಲಿನಲ್ಲಿ ಕಚ್ಚಿಕೊಳ್ಳುವ ಬಾಯಿ, ನಡುವೆ ಒಂದು ಪೈಪು. ತಲೆ ಸಿಲಿಂಡರಿನ ರಭಸವನ್ನು ತಗ್ಗಿಸುತ್ತದೆ, ಬಾಯಿ ಉಸಿರೆಳೆದಾಗ ಮಾತ್ರ ಗಾಳಿ ಬಿಡುತ್ತದೆ. ಇದನ್ನು ಆರಿಸುವುದು ಎಷ್ಟು ಕಷ್ಟ ಅಂದುಕೊಂಡೆ.

ಎಷ್ಟು ಕಷ್ಟ ಎಂದು ಮಂಗಳವಾರ ಗೊತ್ತಾಯಿತು. ಫೋನಿನಲ್ಲಿ ಮೂವತ್ತೊಂದು ಪುಟ ತೆರೆದಿಟ್ಟುಕೊಂಡು ಓದಿದೆ. ಒಬ್ಬ ಒಂದು ಮಾಡೆಲ್ ದೇವರು ಎನ್ನುತ್ತಾನೆ, ಅವನ ಕೆಳಗೇ ಇನ್ನೊಬ್ಬ ಅದೇ ಮಾಡೆಲ್ ತನ್ನ ಬಾಯಿಗೆ ಉಪ್ಪುನೀರು ಕುಡಿಸಿತು ಎನ್ನುತ್ತಾನೆ. 'ಉಸಿರಿನ ವಿಷಯದಲ್ಲಿ ಜಿಪುಣತನ ಬೇಡ' ಎಂದು ಉದ್ದಕ್ಕೆ ಉಪದೇಶ ಮಾಡಿದವನು ಕೊನೆಯಲ್ಲಿ ತನ್ನ ಹಳೆಯದನ್ನು ಮಾರಾಟಕ್ಕಿಟ್ಟಿದ್ದ. ಹತ್ತು ಜನ ಸೇರಿದರೆ ಹನ್ನೊಂದು ಅಭಿಪ್ರಾಯ. ತಲೆ ಚಿಟ್ಟು ಹಿಡಿಯಿತು.

ಅಂಗಡಿಗೆ ಹೋದರೆ ಅಲ್ಲಿ ಇನ್ನೊಂದು ಪಾಡು. ಸೇಲ್ಸ್‌ಮನ್ ನನ್ನ ಚಪ್ಪಲಿ ನೋಡಿದ, ಬ್ಯಾಗ್ ನೋಡಿದ, ಆದರೂ ಅಂಗಡಿಯಲ್ಲೇ ದುಬಾರಿಯಾದದ್ದನ್ನು ಕೈಗಿಟ್ಟ.

"ಮೇಡಂ, ಇದು ಹಿಮಗಡ್ಡೆ ಕೆಳಗೂ ಕೆಲಸ ಮಾಡುತ್ತೆ."

"ಅಣ್ಣಾ, ನಾನು ಇಳಿಯೋ ನೀರು ಸ್ನಾನದ ನೀರಿನ ಥರ ಇರುತ್ತೆ. ಹೆಪ್ಪುಗಟ್ಟಬೇಕಂದ್ರೆ ನಾನೇ ಹೆದರಿ ಹೆಪ್ಪುಗಟ್ಟಬೇಕು."

"ಮುಂದೆ ಯಾವತ್ತಾದ್ರೂ ಬೇಕಾಗಬಹುದಲ್ವಾ?"

ಅದರ ಬೆಲೆಗೆ ನಮ್ಮ ಮನೆಯ ಫ್ರಿಜ್ಜು, ಅಪ್ಪನ ಸ್ಕೂಟರು ಎರಡನ್ನೂ ಮಾರಿದರೂ ಸಾಲದು. ಅಗ್ಗದ್ದೂ ಇತ್ತು, ಆನ್‌ಲೈನ್‌ನಲ್ಲಿ. ಹೊಚ್ಚಹೊಸದು, ತಿಳಿನೀಲಿ ಬಣ್ಣ, ನಾನು ಟ್ಯೂಷನ್ ಹೇಳಿ ಉಳಿಸಿದ ದುಡ್ಡಿಗೆ ಅಳೆದು ಹೊಲಿದ ಹಾಗಿತ್ತು. ಒತ್ತಿಬಿಡೋಣ ಎಂದು ಬೆರಳೆತ್ತಿದ್ದೆ. ಚೀಟಿ ಕೊಡುವವರನ್ನು ಒಂದು ಮಾತು ಕೇಳಿಬಿಡೋಣ ಎನ್ನಿಸಿ ಬಂದರು ಬೀದಿಯ ರಿಪೇರಿ ತಾತನ ಹತ್ತಿರ ಹೋದೆ.

ತಾತನ ಅಂಗಡಿ ಒಂದು ಕಪಾಟಿನಷ್ಟು. ಗೋಡೆ ತುಂಬ ಪುಟ್ಟ ಪುಟ್ಟ ಡಬ್ಬಿ, ಒಂದೊಂದರ ಮೇಲೂ ಪೆನ್ಸಿಲಿನಲ್ಲಿ ಬರೆದ ಅಳತೆ. ತಾತ ನನ್ನ ಫೋನನ್ನು ಕನ್ನಡಕದ ಹತ್ತಿರಕ್ಕೆ ಹಿಡಿದು ನೋಡಿದರು.

"ಬಣ್ಣ ಚೆನ್ನಾಗಿದೆ."

"ಅಷ್ಟೇನಾ ತಾತ?"

"ಇನ್ನೇನು ಹೇಳ್ಲಿ? ಇದರ ವಾಷರ್ ನನ್ನ ಹತ್ರ ಇಲ್ಲ. ಮಾಡಿದವನ ಹತ್ರಾನೂ ಇಲ್ಲ, ಬರೆದು ಕೇಳಿದ್ದೆ. ಒಂದು ವರ್ಷ ಆದ್ಮೇಲೆ ತಗೊಂಡು ಬರ್ತೀಯ, ನಾನು ತೆಗೆದು ನೋಡಿ ಅಯ್ಯೋ ಪಾಪ ಅಂತೀನಿ. ಅದಕ್ಕೆ ನಾನ್ಯಾಕೆ ಬೇಕು? ನಿಮ್ಮಜ್ಜಿ ಸಾಕು."

"ಹಾಗಾದ್ರೆ ಯಾವುದು ತಗೊಳ್ಲಿ?"

ತಾತ ಡಬ್ಬಿಗಳ ಕಡೆ ಕೈ ತೋರಿಸಿದರು. "ಮೊದಲು ರಿಪೇರಿಯವನನ್ನು ಆರಿಸು, ಆಮೇಲೆ ರೆಗ್ಯುಲೇಟರ್ ಆರಿಸು. ಈ ಡಬ್ಬೀಲಿ ಏನಿದೆಯೋ ಅದು ಹೊಂದೋದು ತಗೋ. ಹಳೇದಾದ್ರೂ ಪರವಾಗಿಲ್ಲ, ಒಳಗಡೆ ಸಾಮಾನು ಕಡಿಮೆ ಇರಬೇಕು. ಸಾಮಾನು ಕಡಿಮೆ ಇದ್ರೆ ಕೆಡೋದೂ ಕಡಿಮೆ."

ಮೂವತ್ತೊಂದು ಪುಟದಲ್ಲಿ ಇದನ್ನು ಒಬ್ಬರೂ ಹೇಳಿರಲಿಲ್ಲ. ಸಿಟ್ಟು ಬಂತು.

ತಾತನೇ ಒಂದು ದಾರಿ ತೋರಿಸಿದರು. ದೋಣಿಗಳ ತಳ ಉಜ್ಜುವ ಕೆಲಸ ಮಾಡುತ್ತಿದ್ದ ಒಬ್ಬ ಹೆಂಗಸು ಕಿವಿ ನೋವಿನಿಂದ ಮುಳುಗುವುದನ್ನು ಬಿಟ್ಟಿದ್ದರು. ಬುಧವಾರ ಅವರ ಮನೆಗೆ ಹೋದೆ. ಹಿತ್ತಾಳೆಯ ಗಟ್ಟಿ ತಲೆ, ಅಲ್ಲಲ್ಲಿ ಗೀರು, ಕಪ್ಪು ಬಾಯಿ. ನೋಡಲು ಹಳೇ ನಲ್ಲಿಯ ಹಾಗಿತ್ತು. ಆದರೆ ಉಸಿರೆಳೆದರೆ ಹಾಯಾಗಿ ಬಂತು. ನನ್ನ ಉಳಿತಾಯದಲ್ಲಿ ಅರ್ಧಕ್ಕೆ ಸಿಕ್ಕಿತು.

"ಒಂದೇ ಮಾತು ನೆನಪಿಟ್ಕೋ" ಎಂದು ಅವರು ತಲೆಗೆ ರಬ್ಬರ್ ಮುಚ್ಚಳ ಬಿಗಿದರು. "ಸಿಲಿಂಡರಿಗೆ ಹಾಕದೇ ಇದ್ದಾಗ ಈ ಮುಚ್ಚಳ ತೆಗೀಬೇಡ. ತೊಳೆಯುವಾಗ್ಲಂತೂ ತೆಗೀಲೇಬೇಡ. ಒಳಗೆ ಒಂದು ಹನಿ ನೀರು ಹೋದ್ರೂ ಕೆಲಸ ಕೆಟ್ಟಿತು."

ಶುಕ್ರವಾರ ಬೆಳಗ್ಗೆ ಬಾ, ಒಮ್ಮೆ ನೋಡಿ ಚೀಟಿ ಕೊಡುತ್ತೇನೆ ಎಂದು ತಾತ ಹೇಳಿದ್ದರು. ನಾನು ಕುಣಿದುಕೊಂಡು ಮನೆಗೆ ಬಂದೆ. ಅಪ್ಪ ಊಟಕ್ಕೆ ಕೂತಿದ್ದರು. ಅಪ್ಪನದು ಪಂಕ್ಚರ್ ಅಂಗಡಿ. ಮನೆಗೂ ಅಂಗಡಿಗೂ ನಡುವೆ ಒಂದೇ ಬಾಗಿಲು.

"ಇದೇನಿದು, ಯಾರ ಮನೆ ನಲ್ಲಿ ಕಿತ್ಕೊಂಡು ಬಂದೆ?"

"ಅಪ್ಪಾ! ನೀರೊಳಗೆ ಉಸಿರಾಡೋ ಯಂತ್ರ ಇದು."

"ಭೂಮಿ ಮೇಲೆ ಪುಕ್ಕಟೆ ಗಾಳಿ ಬೇಕಾದಷ್ಟಿದೆ. ಇವಳು ದುಡ್ಡು ಕೊಟ್ಟು ನೀರೊಳಗೆ ಹೋಗಿ ಉಸಿರಾಡ್ತಾಳಂತೆ" ಎಂದು ಅಮ್ಮನಿಗೆ ಹೇಳಿದರು. ಆಮೇಲೆ ಅದನ್ನು ಕೈಗೆತ್ತಿಕೊಂಡು ತಿರುಗಿಸಿದರು, ಇನ್ನೊಮ್ಮೆ ತಿರುಗಿಸಿದರು. "ಹಳೇದಲ್ವಾ? ಸೋರಲ್ವಾ?"

"ಸೋರಲ್ಲ."

"ಯಾರು ನೋಡಿದ್ರು?"

"ಶುಕ್ರವಾರ ನೋಡ್ತಾರೆ ಅಪ್ಪಾ, ಬಿಡಿ."

ಅಪ್ಪ ಬಿಟ್ಟ ಹಾಗೆ ಕಂಡಿತು. ನಾನು ಅದನ್ನೇ ನಂಬಿದೆ. ಮೂವತ್ತು ವರ್ಷ ಗಾಳಿ ಸೋರುವುದನ್ನೇ ಹುಡುಕಿದವರು ಮನೆಗೆ ಬಂದ ಒಂದು ಹಳೇ ಪೈಪನ್ನು ಸುಮ್ಮನೆ ಬಿಡುತ್ತಾರೆ ಎಂದುಕೊಂಡ ನನ್ನ ಬುದ್ಧಿಗೆ ಏನನ್ನಬೇಕು!

ಗುರುವಾರ ನನಗೆ ಪರೀಕ್ಷೆ ಇತ್ತು. ಮಧ್ಯಾಹ್ನ ಮನೆಗೆ ಬಂದರೆ ಮೇಜಿನ ಮೇಲೆ ರೆಗ್ಯುಲೇಟರ್ ಇಲ್ಲ. ಅಂಗಡಿಯ ಕಡೆಯಿಂದ ಕಂಪ್ರೆಸರ್ ಸದ್ದು. ಓಡಿದೆ. ಅಪ್ಪ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಟ್ಯೂಬುಗಳನ್ನು ಮುಳುಗಿಸಿ ಗುಳ್ಳೆ ನೋಡುವ ತೊಟ್ಟಿ ಅದು. ನೀರಿನ ಬಣ್ಣ ಚಹಾದ್ದು, ತಳದಲ್ಲಿ ಎರಡು ಬೆರಳು ಕೆಸರು. ಅದರೊಳಗಿಂದ ಅಪ್ಪ ನನ್ನ ರೆಗ್ಯುಲೇಟರನ್ನು ಎತ್ತುತ್ತಿದ್ದರು. ಮುಚ್ಚಳ ಪಕ್ಕದ ಸ್ಟೂಲಿನ ಮೇಲಿತ್ತು.

"ಬಂದ್ಯಾ? ನೋಡು ಇಲ್ಲಿ" ಎಂದರು, ಹಬ್ಬದ ಮುಖ ಮಾಡಿಕೊಂಡು. "ಬಾಯಿ ಸೋರಲ್ಲ. ತಲೆ ಸೋರಲ್ಲ. ನಾನು ಇಲ್ಲಿಂದ ಗಾಳಿ ಕೊಟ್ಟೆ. ಇಲ್ಲಿ, ಈ ಪೈಪಿನ ತುದೀಲಿ, ಮೇಲೆ ತೊಡಿಸಿದ ರಬ್ಬರ್ ತೋಳು ಹಿಂದಕ್ಕೆ ಸರಿಸಿದೆ ನೋಡು, ಒಂದೊಂದೇ ಗುಳ್ಳೆ ಬಂತು. ಸಾಸಿವೆ ಕಾಳಿನಷ್ಟು."

ಅಲ್ಲಿ ಕೆಂಪು ಅಂಚಿನ ಒಂದು ದುಂಡು ಪ್ಯಾಚ್ ಅಂಟಿತ್ತು. ಸೈಕಲ್ ಟ್ಯೂಬಿನ ಪ್ಯಾಚ್.

"ಅಪ್ಪಾ, ಮುಚ್ಚಳ ಯಾಕೆ ತೆಗೆದ್ರಿ?"

"ತೆಗೀದೆ ಗಾಳಿ ಹ್ಯಾಗೆ ಕೊಡೋದು?"

"ನೀರು ಒಳಗೆ ಹೋಯ್ತಾ?"

"ಗಾಳಿ ಗನ್ ತೆಗೆಯುವಾಗ ಒಂಚೂರು ಹೋಗಿರಬಹುದು. ಒಣಗುತ್ತೆ ಬಿಡು. ಟ್ಯೂಬ್ ಒಣಗಲ್ವಾ?"

ನಾನು ಏನು ಕೂಗಿದೆನೋ ನೆನಪಿಲ್ಲ. ಎದುರು ಅಂಗಡಿಯವರು ಹೊರಗೆ ಬಂದು ನೋಡಿದ್ದು ನೆನಪಿದೆ. ಗಾಳಿ ಹಾಕಿಸಲು ಬಂದವರೊಬ್ಬರು ಸೈಕಲ್ ತಳ್ಳಿಕೊಂಡು ಮೆಲ್ಲಗೆ ವಾಪಸ್ಸು ಹೋದದ್ದೂ ನೆನಪಿದೆ. ಅಪ್ಪ ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ಕೂತಲ್ಲೇ ಕೂತಿದ್ದರು.

"ಸೋರ್ತಿತ್ತು ಕಣೇ" ಎಂದರು ಕೊನೆಗೆ, ಸಣ್ಣ ದನಿಯಲ್ಲಿ. "ಕಣ್ಣಾರೆ ನೋಡಿದೆ. ಸೋರೋದನ್ನು ಬಾಯಿಗಿಟ್ಕೊಂಡು ಹೋಗು ಅನ್ನಲಾ?"

ಆಗ ನನಗೆ ಅದು ಕೇಳಿಸಲಿಲ್ಲ. ಕೇಳಿಸಿಕೊಳ್ಳುವ ಮನಸ್ಸೂ ಇರಲಿಲ್ಲ.

ಶುಕ್ರವಾರ ತಾತ ತಲೆಯನ್ನು ಬಿಚ್ಚಿ ಬಿಳಿ ಬಟ್ಟೆಯ ಮೇಲೆ ಬೋರಲು ಹಾಕಿದರು. ಕಂದು ನೀರು ಒಂದು ಚಮಚದಷ್ಟು ಬಿತ್ತು. ತಾತ ಅದನ್ನು ಬೆರಳಿನಲ್ಲಿ ಉಜ್ಜಿ ನೋಡಿದರು.

"ನಲವತ್ತು ವರ್ಷದಲ್ಲಿ ಮರಳು ನೋಡಿದೀನಿ, ಏಡಿ ಮರಿ ನೋಡಿದೀನಿ. ಪಂಕ್ಚರ್ ತೊಟ್ಟಿ ಕೆಸರು ಇದೇ ಮೊದಲು."

ಪ್ಯಾಚ್ ನೋಡಿದಾಗ ಅವರಿಗೆ ನಗು ತಡೆಯಲಾಗಲಿಲ್ಲ. ನನಗೆ ಗಾಯದ ಮೇಲೆ ಬರೆ ಎಳೆದ ಹಾಗಾಯಿತು. ನಗುತ್ತಲೇ ಪ್ಯಾಚ್ ಕಿತ್ತರು, ಪೈಪನ್ನು ಬಗ್ಗಿಸಿದರು, ನಗು ನಿಂತಿತು. ಭೂತಗನ್ನಡಿ ತೆಗೆದರು.

"ಇದನ್ನು ಯಾರು ಹಿಡಿದಿದ್ದು?"

"ನಮ್ಮಪ್ಪ."

"ಸೀಳಿದೆ. ತೋಳಿನ ಕೆಳಗೆ ಉಪ್ಪು ಕೂತು ಕೂತು ಸೀಳಿದೆ. ಮೇಲೆ ನೋಡಿದ್ರೆ ಕಾಣಲ್ಲ. ಹೋದ ಸಲ ನನ್ನ ಕೈಗೆ ಬಂದಾಗ ನಾನೂ ತೋಳು ಸರಿಸಿರಲಿಲ್ಲ." ತಾತ ಕನ್ನಡಕ ತೆಗೆದು ಒರೆಸಿದರು. "ಒತ್ತಡಾನೂ ಸರಿಯಾಗೇ ಕೊಟ್ಟಿದಾನೆ, ಪುಣ್ಯಾತ್ಮ. ಮುಚ್ಚಳದ ವಿಷಯ ಒಂದು ಗೊತ್ತಿದ್ರೆ ಇಲ್ಲೇ ಕೆಲಸಕ್ಕಿಟ್ಕೋತಿದ್ದೆ."

ಸಂಜೆಯವರೆಗೆ ತೊಳೆದರು, ವಾಷರ್ ಬದಲಿಸಿದರು, ಹೊಸ ಪೈಪು ಹಾಕಿದರು. ಆದರೆ ಚೀಟಿ ಕೊಡಲಿಲ್ಲ. ಬಿಚ್ಚಿ ಕೂಡಿಸಿದ್ದನ್ನು ಒಂದು ರಾತ್ರಿ ಸಿಲಿಂಡರಿಗೆ ಸಿಕ್ಕಿಸಿ ಬಿಡುವುದು ಅವರ ಪದ್ಧತಿ. ಬೆಳಗ್ಗೆ ಮೀಟರಿನ ಮುಳ್ಳು ಇಟ್ಟಲ್ಲೇ ಇರಬೇಕು.

"ಆರಕ್ಕೇರಬಾರದು, ಮೂರಕ್ಕಿಳೀಬಾರದು. ಆಗ ಚೀಟಿ. ನಾಳೆ ಒಂಬತ್ತಕ್ಕೆ ಬಾ."

"ದೋಣಿ ಏಳಕ್ಕೆ ತಾತ!"

"ದೋಣಿಗೆ ಹೇಳು."

ಶನಿವಾರ ಆರು ಗಂಟೆಗೆ ಅಪ್ಪ ತಮ್ಮ ಅಂಗಡಿ ತೆಗೆಯದೆ, ತಾತನ ಮನೆಗೆ ಹೋಗಿ ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಅವರ ಅಂಗಡಿಗೆ ಬಂದರು. ನಾನು ಮೊದಲೇ ಬಂದು ಬಾಗಿಲಲ್ಲಿ ಕಾಯುತ್ತಿದ್ದೆ, ತಾತ ಬೀಗ ತೆಗೆದರು. ಮೂವರೂ ಮೀಟರಿನ ಮುಂದೆ ತಲೆ ತೂರಿಸಿದೆವು.

ಮುಳ್ಳು ಒಂದು ಗೆರೆ ಏರಿತ್ತು.

"ಒಂದೇ ಗೆರೆ ತಾತ" ಎಂದೆ.

"ಒಂದು ಗೆರೆ ಏರಿದ್ದು ಎರಡು ಗೆರೆ ಏರುತ್ತೆ. ಎಲ್ಲೋ ಒಂದು ಕಣ ಕೆಸರು ಉಳಿದಿದೆ, ತಲೆ ಪೂರ್ತಿ ಮುಚ್ಕೊಳ್ಳದೆ ಸಿಲಿಂಡರಿನ ಗಾಳಿ ಒಳಗೆ ನುಸುಳ್ತಿದೆ. ಮತ್ತೆ ಬಿಚ್ಚಬೇಕು. ಸೋಮವಾರ."

ನಾನು ಅಪ್ಪನ ಮುಖ ನೋಡಿದೆ. ತರಕಾರಿಯವರ ಹತ್ತಿರ ಕಾಲು ಗಂಟೆ ಚೌಕಾಸಿ ಮಾಡುವ ನನ್ನಪ್ಪ, ನನಗಾಗಿ ಒಂದು ಮಾತಾದರೂ ಆಡುತ್ತಾರೆ ಎಂದುಕೊಂಡೆ. ಅಪ್ಪ ಮುಳ್ಳನ್ನೇ ನೋಡುತ್ತಿದ್ದರು.

"ಗಾಳಿ ಸುಳ್ಳು ಹೇಳಲ್ಲ" ಎಂದರು. "ಬಿಚ್ಚಿ ಸಾಮೀ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಕೆಸರು ಹಾಕಿದವರೂ ಅವರೇ, ಬಿಚ್ಚಿ ಎಂದವರೂ ಅವರೇ. ಅಪ್ಪ ನನ್ನನ್ನು ದೋಣಿ ನಿಲ್ಲುವ ದಕ್ಕೆಯವರೆಗೆ ಸ್ಕೂಟರಿನಲ್ಲಿ ಬಿಟ್ಟರು. ಇಳಿದವಳು ಹಿಂದೆ ತಿರುಗಿ ನೋಡದೆ ನಡೆದೆ.

ದಕ್ಕೆಯಲ್ಲಿ ಎಲ್ಲರೂ ರಬ್ಬರ್ ಅಂಗಿ ಏರಿಸಿಕೊಳ್ಳುತ್ತಿದ್ದರು. ಮೇಷ್ಟ್ರು ಪುಸ್ತಕ, ಪೆನ್ನು ನನ್ನ ಕೈಗಿಟ್ಟರು. ಸಿಲಿಂಡರುಗಳು ಸಾಲಾಗಿ ನಿಂತಿದ್ದವು, ಒಂದೊಂದರ ಮೇಲೂ ಕ್ಲಬ್ಬಿನ ರೆಗ್ಯುಲೇಟರ್. ನಂಬರ್ ಬರೆದುಕೊಳ್ಳಲು ಬಗ್ಗಿದೆ. ಮೊದಲನೆಯ ಪೈಪಿನ ತುದಿಯಲ್ಲಿ ಅದೇ ರಬ್ಬರ್ ತೋಳು. ತೋಳಿನ ಬಾಯಲ್ಲಿ ಬಿಳಿ ಉಪ್ಪು.

ಬೆರಳು ತಾನಾಗಿಯೇ ತೋಳನ್ನು ಹಿಂದಕ್ಕೆ ಸರಿಸಿತು.

"ಏಯ್, ಅದು ನಂದು. ಮುಟ್ಟಬೇಡ" ಎಂದ ನೀರುಕೋಳಿ.

"ಒಂದ್ನಿಮಿಷ. ಬಕೆಟ್ ಕೊಡು."

"ಗುಮಾಸ್ತೆಗೆ ಬಕೆಟ್ ಯಾಕೆ? ಮಸಿ ಕುಡಿಕೆ ಸಾಲಲ್ವಾ?"

ಮುಖಗವಸು ತೊಳೆಯುವ ಬಕೆಟನ್ನು ನಾನೇ ಎಳೆದುಕೊಂಡೆ. ಸಿಲಿಂಡರಿನ ಗಾಳಿ ತಿರುಗಿಸಿ, ಪೈಪಿನ ತುದಿಯನ್ನು ನೀರಿಗೆ ಇಳಿಸುವ ಹಾಗೆ ಬಾಗಿಸಿದೆ. ಕುಕ್ಕರಗಾಲಲ್ಲಿ ಕೂತೆ. ಒಂದು ಗುಳ್ಳೆ ಎದ್ದಿತು. ಹಿಂದೆಯೇ ಇನ್ನೊಂದು. ಆಮೇಲೆ ಮಣಿ ಪೋಣಿಸಿದ ಹಾಗೆ ಸಾಲು.

"ಸಾರ್" ಎಂದೆ.

ಮೇಷ್ಟ್ರು ಬಂದು ನೋಡಿದರು. ಉಳಿದ ನಾಲ್ಕರ ತೋಳುಗಳನ್ನು ತಾವೇ ಸರಿಸಿದರು. ಐದೂ ಒಂದೇ ದಿನ ಕೊಂಡವು, ನಾಲ್ಕು ವರ್ಷ ಒಂದೇ ಮೊಳೆಗೆ ಕತ್ತು ಬಾಗಿಸಿ ನೇತಾಡಿದವು. ಮೂರು ಸೀಳಿದ್ದವು.

ಮೇಷ್ಟ್ರು ದೋಣಿಯವರ ಕಡೆ ತಿರುಗಿದರು. "ಇವತ್ತು ಬೇಡಪ್ಪಾ. ಯಾವತ್ತು ಬಿಡುವಿದೆ ನಿಂಗೆ?"

"ಬುಧವಾರ ಒಂದಿನ ಇದೆ ಸಾರ್. ಆಮೇಲೆ ನೀರು ಕಲಕುತ್ತೆ."

ಯಾರೂ ನನ್ನನ್ನು ಹೊಗಳಲಿಲ್ಲ. ಬೆಳಗಿನ ಐದಕ್ಕೆ ಎದ್ದು ಬಂದವರು, ಅರ್ಧ ಏರಿಸಿದ ಅಂಗಿಯನ್ನು ಮತ್ತೆ ಕಿತ್ತೆಳೆಯುತ್ತ ನನ್ನ ಕಡೆ ನೋಡಿದ ನೋಟಕ್ಕೆ ಮೀನು ಹುರಿದುಹೋಗಬೇಕಿತ್ತು.

"ತಾನು ಇಳಿಯಕ್ಕಾಗಲ್ಲ ಅಂತ ನಮ್ಮನ್ನೂ ಇಳಿಸಲಿಲ್ಲ" ಎಂದ ನೀರುಕೋಳಿ, ಎಲ್ಲರಿಗೂ ಕೇಳುವ ಹಾಗೆ.

"ಸೋರೋದನ್ನು ಬಾಯಿಗಿಟ್ಕೊಂಡು ಹೋಗು ಅನ್ನಲಾ?" ಎಂದೆ. ಬಾಯಿಂದ ಬಿದ್ದ ಮೇಲೆ ಅದು ಯಾರ ಮಾತು ಎಂದು ನೆನಪಾಯಿತು.

ಅವನಂದದ್ದು ಪೂರಾ ಸುಳ್ಳೂ ಅಲ್ಲ. ಮೊದಲನೇ ಗುಳ್ಳೆ ಎದ್ದಾಗ ಹೆದರಿದ್ದೆ, ನಿಜ. ಮೂರನೇ ಪೈಪೂ ಸೀಳಿದೆ ಎಂದಾಗ ಒಳಗೊಳಗೆ ಒಂದು ಖುಷಿಯೂ ಆಗಿತ್ತು. ಯಾಕೆ ಮುಚ್ಚಿಡಲಿ?

ದಕ್ಕೆಯ ಗೇಟಿನಾಚೆ ಅಪ್ಪ ಇನ್ನೂ ಸ್ಕೂಟರ್ ಮೇಲೆ ಕೂತಿದ್ದರು. ಹೋಗಿ ಹಿಂದೆ ಕೂತೆ. "ಮೂರು ಪೈಪು ಸೋರ್ತಿತ್ತು. ಬಕೆಟ್ಟಲ್ಲಿ ನೋಡಿದೆ" ಎಂದೆ.

"ಮುಚ್ಚಳ?"

"ಸಿಲಿಂಡರಿಗೆ ಹಾಕೇ ನೋಡಿದೆ. ನಿಮ್ಮ ಥರ ಅಲ್ಲ."

ಅಪ್ಪ ಕಿಕ್ ಹೊಡೆದರು. ಒಂದೇ ಏಟಿಗೆ ಸ್ಟಾರ್ಟ್ ಆಯಿತು. ಹಾಗೆ ಆಗುವುದು ಅಪರೂಪ.

ಸೋಮವಾರ ತಾತ ಮತ್ತೆ ಬಿಚ್ಚಿ ಕೂಡಿಸಿದರು. ಮಂಗಳವಾರ ಬೆಳಗ್ಗೆ ಮುಳ್ಳು ಇಟ್ಟಲ್ಲೇ ಇತ್ತು. ನಾನು ಚೀಟಿ ಮಡಿಸಿ ಫೋನಿನ ಕವರಿನೊಳಗೆ ಇಡುವಾಗ ಮೇಷ್ಟ್ರು ಮೂರು ಪೈಪು ಹಿಡಿದು ಒಳಗೆ ಬಂದರು. ಆ ಅಳತೆಯವು ತಾತನ ಡಬ್ಬಿಯಲ್ಲಿ ಉಳಿದಿದ್ದು ಎರಡೇ. ಮೂರನೆಯದನ್ನು ನನಗೆ ಹಾಕಿಬಿಟ್ಟಿದ್ದರು. ಇನ್ನು ತರಿಸಲು ಎರಡು ವಾರ.

ಮೇಷ್ಟ್ರು ಲೆಕ್ಕ ಹಾಕಿದರು. ಕ್ಲಬ್ಬಿನವು ನಾಲ್ಕು, ನನ್ನದೊಂದು, ಐದು. ಆರು ಜನ. ನಾಲ್ಕು ಮುಳುಗು ಆಗಲೇ ಮುಗಿಸಿದವರು ಯಾರು ಎಂದು ಪುಸ್ತಕ ತೆರೆದು ನೋಡಿದರು. ನನ್ನದೇ ಅಕ್ಷರದಲ್ಲಿ ಒಬ್ಬನದೇ ಹೆಸರಿತ್ತು.

ಬುಧವಾರ ದೋಣಿ ಏರುವಾಗ ಅಪ್ಪ ದಕ್ಕೆಯ ಮೇಲೆ ನಿಂತಿದ್ದರು. ಕೈಯಲ್ಲಿ ಹೊಸ ಬಕೆಟ್. ವಾಪಸ್ಸು ಬಂದ ಮೇಲೆ ತೊಳೆಯಲು ತಿಳಿನೀರು ತಂದಿದ್ದರು. "ಬಿಚ್ಚಿದ ಕೂಡ್ಲೇ ಮುಚ್ಚಳ ಹಾಕ್ಕೋ. ಮರೀಬೇಡ" ಎಂದು ಕೂಗಿದರು, ನನಗೇ ಹೇಳಿಕೊಡುವವರ ಹಾಗೆ. ಉರಿಯಿತು. ಆದರೂ ಕೈ ಬೀಸಿದೆ.

ಸಮುದ್ರದ ತಳದಲ್ಲಿ ಹುಲ್ಲಿರುವ ಜಾಗದ ಮೇಲೆ ದೋಣಿ ನಿಂತಿತು. ನಾನು ಅಂಚಿನ ಮೇಲೆ ಕೂತು ಹಿತ್ತಾಳೆ ತಲೆಯನ್ನೊಮ್ಮೆ ತಡವಿಕೊಂಡೆ. ನೀರುಕೋಳಿ ಎದುರಿಗೆ ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಮುಖ ಊದಿಸಿ ಕೂತಿದ್ದ.

"ಪೆನ್ನು ಬರೀತಿಲ್ಲ" ಎಂದ.

ನಾನು ಬ್ಯಾಗಿನ ಪಕ್ಕದ ಜೇಬು ತೋರಿಸಿದೆ. "ರೀಫಿಲ್ ಅಲ್ಲಿದೆ. ಇಳಿದ ಸಮಯ ಏಳು ಐವತ್ತೆರಡು. ಬರ್ಕೋ."

ರೆಗ್ಯುಲೇಟರಿನ ಬಾಯಿ ಕಚ್ಚಿ ಹಿಂದಕ್ಕೆ ನೀರಿಗೆ ಉರುಳಿದೆ.